ಎಡಗೆನ್ನೆಯ ಮಚ್ಚೆ

ಪೆಟ್ಟಿಗೆ ತೆರೆದವಳು ತಂಗಿ. ಕಿರುಚಿದವಳೂ ಅವಳೇ.

ಶನಿವಾರ ಬೆಳಗ್ಗೆ ಯಾರೋ ಬಾಗಿಲ ಹೊರಗೆ ಇಟ್ಟುಹೋಗಿದ್ದ ಚಪ್ಪಲಿ ಪೆಟ್ಟಿಗೆ. ಒಳಗೊಂದು ಬಟ್ಟೆಯ ಬೊಂಬೆ. ನೀಲಿ ಜಾಕೆಟ್ಟು, ಗುಂಗುರು ಕೂದಲು, ಕೆನ್ನೆಯ ಮೇಲೆ ಕಪ್ಪು ದಾರದ ಮಚ್ಚೆ. ಅರ್ಧ ಕೊಯ್ದ ಕತ್ತಿನಿಂದ ಹತ್ತಿ ಹೊರಗೆ ಬಂದಿತ್ತು. ಜೊತೆಗೊಂದು ಚೀಟಿ: ‘ನಾಳೆ ಹಾಡಿದರೆ ಇದೇ ಗತಿ.’

“ಅಕ್ಕಾ, ಇದು ನಾನೇ. ಕನ್ನಡಿ ನೋಡಿದ ಹಾಗೇ ಇದೆ.”

ಹದಿನೇಳರ ಹುಡುಗಿ ತಂಗಿ. ಅಷ್ಟು ಹೇಳಿದವಳ ಬಾಯಿಂದ ಆಮೇಲೆ ಮಾತೇ ಹೊರಡಲಿಲ್ಲ.

“ನೋಡು, ಮಚ್ಚೆನೂ ಎಡಗೆನ್ನೆಗೆ ಹೊಲಿದಿದಾರೆ, ದರಿದ್ರದವರು. ನಮ್ಮ ಮಗೂದು ಬಲಗೆನ್ನೆ,” ಎಂದು ಅಮ್ಮ ಬೈದಳು. ನಾನು ಕಿವಿಗೊಡಲಿಲ್ಲ. ಪೊಲೀಸರಿಗೆ ಫೋನ್ ಮಾಡುತ್ತಿದ್ದೆ.

ಹರೆಯದವರಿಗಾಗಿ ಸಂಗೀತ ಮತ್ತು ಫ್ಯಾಷನ್ನಿನ ಹೊಸ ಪತ್ರಿಕೆ ನಮ್ಮದು. ಪುಟ ವಿನ್ಯಾಸ ನನ್ನ ಕೆಲಸ. ಮುಂದಿನ ವಾರ ಮೊದಲ ಸಂಚಿಕೆ ಅಚ್ಚಿಗೆ ಹೋಗಬೇಕು. ನಾಳೆ ಅದರ ಪ್ರಚಾರಕ್ಕೆ ತಂಗಿಯ ಹಾಡು. ಮುಖಪುಟಕ್ಕೆ ಮೊದಲು ಹಾಡುವ ಬೇರೊಬ್ಬ ಹುಡುಗಿ ಇದ್ದಳು. ಆಮೇಲೆ ತಂಗಿ ಬಂದಳು.

ಪತ್ರಿಕೆಯಲ್ಲಿ ಐದೇ ಜನ. ಸಂಪಾದಕರು, ಫೋಟೋದವನು, ಉಡುಪು ಹೊಲಿದು ಮೇಕಪ್ ಮಾಡುವ ದರ್ಜಿ ಅಕ್ಕ, ನಾನು, ಸಂದರ್ಶನ ಬರೆಯುವ ಟೀಚರಮ್ಮ. ಹಿಂದೆ ಸಂಗೀತ ಕಲಿಸುತ್ತಿದ್ದರಂತೆ, ಅದಕ್ಕೇ ಆ ಹೆಸರು.

*

ಕಚೇರಿಗೆ ಬಂದ ಇನ್‌ಸ್ಪೆಕ್ಟರ್ ಮೇಡಂ ಬೊಂಬೆಯ ಜಾಕೆಟ್ಟನ್ನು ಉಜ್ಜಿ ನೋಡಿದರು. ಮುಖಪುಟಕ್ಕೆ ತಂಗಿ ತೊಟ್ಟ ಜಾಕೆಟ್ಟಿನದೇ ಬಟ್ಟೆ. ಅಂದರೆ ಕಚೇರಿಯವರದೇ ಕೆಲಸ.

“ಚೂರುಬಟ್ಟೆ ಬುಟ್ಟೀಲಿ ಬಿದ್ದಿರುತ್ತೆ, ಯಾರು ಬೇಕಾದ್ರೂ ಎತ್ಕೋಬಹುದು,” ಎಂದಳು ದರ್ಜಿ ಅಕ್ಕ. “ನಾನೇ ಹೊಲಿದಿದ್ರೆ ಇಷ್ಟು ಸೊಟ್ಟ ಹೊಲೀತಿದ್ನಾ?”

ಮೇಡಂ ಫೋಟೋದವನತ್ತ ತಿರುಗಿದರು. “ಆ ಹುಡುಗಿ ಕತ್ತು ಹಿಸುಕ್ತೀನಿ ಅಂದಿದ್ರಂತೆ?”

“ಅಂದಿದ್ದೆ. ಫೋಟೋ ತೆಗೆಯೋ ಮೂರು ದಿನಾನೂ ತಡ ಮಾಡಿ ಬಂದ್ರೆ ಮುದ್ದು ಮಾಡ್ಲಾ?” ಮಾತು ಜೋರಿತ್ತು. ಹಣೆ ಮಾತ್ರ ಬೆವೆತಿತ್ತು.

“ಠಾಣೆಗೆ ಬನ್ನಿ.”

ನಾನು ಗೋಡೆಗೆ ಒರಗಿದೆ. ಸಂಚಿಕೆಯ ಪುಟಗಳನ್ನೆಲ್ಲ ಸಾಲಾಗಿ ಅಂಟಿಸಿದ ಗೋಡೆ ಅದು. ಪಕ್ಕದಲ್ಲೇ ಮುಖಪುಟ. ತಂಗಿಯ ನಗು. ಮಚ್ಚೆ ಎಡಗೆನ್ನೆಯಲ್ಲಿ.

‘ನಮ್ಮ ಮಗೂದು ಬಲಗೆನ್ನೆ.’ ಬೆಳಗ್ಗೆ ಅಮ್ಮ ಬೈದದ್ದು ಈಗ ಕಿವಿಗೆ ಬಿತ್ತು.

“ಮೇಡಂ, ಇವರನ್ನ ಬಿಡಿ. ಬೊಂಬೆ ಮಾಡಿದವರು ನನ್ನ ತಂಗೀನ ಕಣ್ಣಾರೆ ನೋಡೇ ಇಲ್ಲ.”

“ಅದ್ಹೇಗೆ?”

“ಫೋಟೋದಲ್ಲಿ ಅವಳು ತಲೆಬರಹಕ್ಕೆ ಬೆನ್ನು ಹಾಕಿ ಪುಟದ ಹೊರಗೆ ನೋಡ್ತಿದ್ಲು. ಗುರುವಾರ ನಾನೇ ಚಿತ್ರದ ಎಡಬಲ ತಿರುಗಿಸಿದೆ. ಬಲಗೆನ್ನೆ ಮಚ್ಚೆ ಎಡಕ್ಕೆ ಬಂತು. ಮುಖದ ಚಿತ್ರ ಹೀಗೆ ತಿರುಗಿಸೋದು ನಮ್ಮ ಕೆಲಸದಲ್ಲಿ ತಪ್ಪು. ಮಚ್ಚೆ ಆಮೇಲೆ ಸರಿಮಾಡೋಣ ಅಂತ ಯಾರಿಗೂ ಹೇಳಲಿಲ್ಲ. ಇವನು ಮೂರು ದಿನ ಆ ಕೆನ್ನೆನೇ ಕ್ಯಾಮೆರಾದಲ್ಲಿ ನೋಡಿದಾನೆ. ದರ್ಜಿ ಅಕ್ಕ ಅದಕ್ಕೇ ಪೌಡರ್ ಹಚ್ಚಿದಾಳೆ. ಸಂಪಾದಕರು ಎದುರಿಗೆ ಕೂರಿಸ್ಕೊಂಡು ಹಾಡು ಕೇಳಿದಾರೆ. ಇವರ್ಯಾರಿಗೂ ಕೆನ್ನೆ ತಪ್ಪಲ್ಲ.”

“ನಿಮ್ಮ ತಂಗಿಗೇ ಗೊತ್ತಾಗ್ಲಿಲ್ಲವಲ್ಲ?”

“ಅವಳು ತನ್ನ ಮುಖ ನೋಡೋದು ಕನ್ನಡೀಲಿ. ಅಲ್ಲೂ ತಿರುಗೇ ಕಾಣುತ್ತೆ.”

“ಹಾಗಾದ್ರೆ ಬರೀ ಗೋಡೆ ಮೇಲಿನ ಚಿತ್ರ ನೋಡಿದವರು ಯಾರು?”

ಟೀಚರಮ್ಮ. ಮನೆಯಲ್ಲೇ ಕೂತು ಬರೆಯುವವರು. ತಂಗಿಯ ಸಂದರ್ಶನ ಮಾಡಿದ್ದು ಫೋನಿನಲ್ಲಿ. ನಿನ್ನೆ, ಶುಕ್ರವಾರ, ಬರಹ ಪುಟಕ್ಕೆ ಹಿಡಿಸುತ್ತದೆಯೇ ಎಂದು ಗೋಡೆ ನೋಡಿ ಹೋಗಿದ್ದರು.

ಮನೆಗೆ ಫೋನ್ ಮಾಡಿದೆ.

“ನಿಮ್ಮ ಕಚೇರಿ ಟೀಚರಮ್ಮ ಅಂತೆ, ಬಂದಿದಾರೆ ಕಣೇ,” ಎಂದಳು ಅಮ್ಮ. “ಪಾಪ, ಗಂಟಲಿಗೆ ಒಳ್ಳೇದು ಅಂತ ಫ್ಲಾಸ್ಕಿನಲ್ಲಿ ಏನೋ ತಂದಿದಾರೆ. ರೂಮಲ್ಲಿ ಇಬ್ರೇ ಕೂತಿದಾರೆ.”

ಅಜ್ಜಿಯ ಕಥೆಗಳ ರಾಕ್ಷಸಿಯೂ ಸಿಹಿಯಾಗಿ ಮಾತಾಡಿಕೊಂಡೇ ಹೊಸ್ತಿಲು ದಾಟುತ್ತಿದ್ದಳು.

“ಅಮ್ಮಾ, ಕುಡಿಸೋಕೆ ಬಿಡ್ಬೇಡ! ಬಾಗಿಲು ತೆಗೆಸು!”

ಅಮ್ಮ ಬಾಗಿಲು ಬಡಿಯುವುದು ಫೋನಿನಲ್ಲಿ ಕೇಳಿಸಿತು. “ಒಳಗಿಂದ ಚಿಲಕ ಹಾಕಿದಾರೆ ಕಣೇ!” ಪಕ್ಕದ ಬೀದಿಯಲ್ಲೇ ಇದ್ದ ಮನೆಗೆ ಮೇಡಂ ಜೊತೆ ಓಡಿದೆ.

*

ಮೇಡಂ ಒದ್ದ ಒದೆತಕ್ಕೆ ಚಿಲಕ ಕಿತ್ತು ಬಂತು.

ತಂಗಿ ಮೂಲೆಗೆ ಅಂಟಿಕೊಂಡಿದ್ದಳು. ಟೀಚರಮ್ಮ ಒಂದು ಕೈಯಲ್ಲಿ ಅವಳ ದವಡೆ ಹಿಡಿದು, ಇನ್ನೊಂದರಲ್ಲಿ ಲೋಟ ಬಾಯಿಗೊಡ್ಡಿದ್ದರು. “ಒಂದೇ ಗುಟುಕು, ಮಗಳೇ.”

ತಂಗಿಯ ಹಲ್ಲು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಬೊಂಬೆ ಹುಟ್ಟಿಸಿದ ಭಯವೇ ಅವಳನ್ನು ಉಳಿಸಿತ್ತು.

ಮೇಡಂ ಕೈ ತಿರುಚಿದರು. ಲೋಟ ಬಿತ್ತು. ಚೆಲ್ಲಿದ ಕಡೆ ಸಿಮೆಂಟು ನೆಲ ನೊರೆ ಕಕ್ಕಿತು. ಆ್ಯಸಿಡ್ಡು.

“ಸಾಯಿಸ್ತಿರ್ಲಿಲ್ಲ,” ಎಂದರು ಟೀಚರಮ್ಮ, ಮೆಲ್ಲಗೆ. “ದನಿ ಮಾತ್ರ ಹೋಗ್ತಿತ್ತು.”

“ಯಾಕೆ?” ಎಂದೆ.

“ನಿನ್ನನ್ನೇ ಕೇಳ್ಕೋ. ಗೋಡೆಯಿಂದ ಕಿತ್ತು ಹಾಕಿದ್ಯಲ್ಲ, ಮೊದಲ್ನೇ ಹುಡುಗಿ, ಅವಳು ನನ್ನ ಮಗಳು. ಯಾರಿಗೂ ಹೇಳಿರ್ಲಿಲ್ಲ. ತನ್ನ ಹಾಡಿನಿಂದಲೇ ಗೆಲ್ಲಲಿ ಅಂದ್ಕೊಂಡಿದ್ದೆ. ನೀನು ಸಂಪಾದಕರಿಗೆ ಏನಂದೆ? ಅವಳ ಮುಖ ಪುಟಕ್ಕೆ ಕೂರಲ್ಲ ಅಂತ. ಅವತ್ತಿಂದ ಅವಳು ಹಾಡೇ ಇಲ್ಲ.”

ಪೇದೆಗಳು ಅವರನ್ನು ಕರೆದೊಯ್ದರು. ಮೆಟ್ಟಿಲ ಮೇಲೆ ಬೂಟಿನ ಸದ್ದು ಇಳಿಯಿತು. ಆಗ ತಂಗಿ ಬಾಯಿಬಿಟ್ಟಳು.

“ಅಕ್ಕಾ, ಆ ಹುಡುಗಿ ಮುಖ ನಿಜವಾಗ್ಲೂ ಪುಟಕ್ಕೆ ಕೂರ್ತಿರ್ಲಿಲ್ವಾ?”

ಅಮ್ಮನೂ ಮೇಡಮ್ಮೂ ನನ್ನನ್ನೇ ನೋಡಿದರು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಕೂರ್ತಿತ್ತು.”

ಅವಳು ಮೂಲೆಯಿಂದ ಎದ್ದು ಬಂದಳು.

“ನಾಳೆ ನಾನು ಹಾಡಲ್ಲ.”

ಆ ದನಿಯಲ್ಲಿ ಹೆದರಿಕೆ ಇರಲಿಲ್ಲ. ಅದೆಲ್ಲ ಈಗ ನನ್ನ ಪಾಲಿಗೆ ಬಂದಿತ್ತು.