ಪಕ್ಕದ ಸಾಲಿನ ಐದು ಗುಂಡು

ಟಕ್.

ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ... ಟಕ್.

ಅಕ್ಮರಾಲ್ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಬೇರೆ ಯಾರಾದರೂ ಆಗಿದ್ದರೆ ಬಿಸಿನೀರಿನ ಕೊಳವೆಯ ಸದ್ದು ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಆದರೆ ಶುಚಿನ್ಸ್ಕ್‌ನ ಈ ವಸತಿಗೃಹದಲ್ಲಿ ಇರುವವರೆಲ್ಲ ಬಯಾಥ್ಲಾನ್ ಆಟಗಾರರು. ಹಿಮದ ಮೇಲೆ ಸ್ಕೀ ಹಾಕಿ ಓಡುವುದು, ಎದೆ ಒಡೆಯುವಂತೆ ಬಡಿದುಕೊಳ್ಳುವಾಗಲೇ ಉಸಿರು ಬಿಗಿಹಿಡಿದು ಗುಂಡು ಹೊಡೆಯುವುದು ಅವರ ಬದುಕು. ಗುಂಡಿಲ್ಲದ ರೈಫಲ್‌ನ ಟ್ರಿಗರ್ ಎಳೆದ ಸದ್ದು ಅವರಿಗೆ ನಿದ್ದೆಯಲ್ಲೂ ತಿಳಿಯುತ್ತದೆ.

ಈ ಹೊತ್ತಿನಲ್ಲಿ ಹೀಗೆ ಅಭ್ಯಾಸ ಮಾಡುವವನು ಒಬ್ಬನೇ. ಸಾಯಾನ್.

ಹೆಸರು ನೆನಪಾದರೆ ಸಾಕು, ಅವಳ ಹಲ್ಲು ಬಿಗಿಯಾಗುತ್ತಿತ್ತು. ನಾಳೆ ಬೆಳಗ್ಗೆ ಅವಳು ಕೋಚ್ ಗಲೀನಾ ಪಾವ್ಲೊವ್ನಾಗೆ ಉತ್ತರ ಕೊಡಬೇಕಿತ್ತು. ಒಬ್ಬಳು ಹೆಣ್ಣು, ಒಬ್ಬ ಗಂಡು ತಲಾ ಎರಡು ಸಲ ಸರದಿಯಲ್ಲಿ ಓಡುವ ಜೋಡಿ ರಿಲೇಯಲ್ಲಿ ಸಾಯಾನ್ ಜೊತೆ ಮತ್ತೆ ಓಡುತ್ತೀಯಾ, ಇಲ್ಲವಾ? ಅವಳು ಇಲ್ಲ ಎಂದರೆ ಸಾಯಾನ್ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಹೋಗಬೇಕು. ತಂಡದಲ್ಲಿ ಅವನಿಗೆ ಉಳಿದಿದ್ದ ಜಾಗ ಅದೊಂದೇ.

ಅವಳ ಉತ್ತರ ತಯಾರಾಗಿಯೇ ಇತ್ತು.

ಪಕ್ಕದ ಹಾಸಿಗೆಯ ರೌಶಾನ್ ಎಚ್ಚರಗೊಳ್ಳದಂತೆ ಅವಳು ಎದ್ದು, ಬರೀ ಉಣ್ಣೆಯ ಕಾಲುಚೀಲದಲ್ಲೇ ಹೊರಬಂದಳು. ಮೊಗಸಾಲೆಯ ತುದಿಯಲ್ಲಿ ಸಾಯಾನ್ ಕಂಬಳಿ ಹಾಸಿ ಬೋರಲಾಗಿ ಮಲಗಿದ್ದ. ಎದುರಿನ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಐದು ಕಪ್ಪು ಚುಕ್ಕೆಗಳು.

"ಮಲಗೋರಿಗೆ ಮಲಗೋಕೆ ಬಿಡಲ್ವಾ?"

"ಮಲಗು. ಯಾರು ಬೇಡ ಅಂದ್ರು?" ಅವನು ತಲೆ ಎತ್ತಲಿಲ್ಲ.

"ಹಾಳೆ ಸರಿಯಾದ ಗೋಡೆಗೇ ಅಂಟಿಸಿದ್ದೀಯಾ? ನೋಡ್ಕೋ, ಪಕ್ಕದ ಗೋಡೆಗೆ ಹೊಡೆದುಬಿಟ್ಟೀಯಾ."

ಅವನ ಬೆರಳು ಟ್ರಿಗರ್ ಮೇಲೆ ನಿಂತಿತು.

ಕಳೆದ ಮಾರ್ಚ್‌ನಲ್ಲಿ ಎಸ್ಟೋನಿಯಾದಲ್ಲಿ ಆಗಿದ್ದೂ ಅದೇ. ಅಕ್ಮರಾಲ್ ಒಂದು ಗುಂಡೂ ತಪ್ಪದೆ ಹೊಡೆದು, ಮೂರನೆಯವಳಾಗಿ ಬಂದು ಅವನ ಬೆನ್ನು ಮುಟ್ಟಿ ಸರದಿ ಒಪ್ಪಿಸಿದ್ದಳು. ಪದಕ ಕೈಗೆ ಸಿಕ್ಕಂತೆಯೇ ಇತ್ತು. ಸಾಯಾನ್ ಒಂದು ಸುತ್ತು ಓಡಿ ಬಂದು ಮೂರನೇ ಚಾಪೆಯ ಮೇಲೆ ಮಲಗಿ ಐದು ಗುಂಡು ಹೊಡೆದ. ಐದೂ ನೆಟ್ಟಗೆ ಹೋಗಿ ನಾಟಿದವು... ನಾಲ್ಕನೇ ಚಾಪೆಯವರ ಗುರಿಗೆ. ಅಲ್ಲಿಗೆ ಇನ್ನೂ ಯಾರೂ ಬಂದಿರಲೇ ಇಲ್ಲ. ಗುಂಡು ತಗುಲಿದರೆ ಬಿಳಿಯಾಗಬೇಕಿದ್ದ ಅವನ ಸಾಲಿನ ಬಿಲ್ಲೆಗಳು ಹಾಗೇ ಕಪ್ಪಗೆ ನಿಂತು ನೋಡುತ್ತಿದ್ದವು. ಮುಂದೆ ತಪ್ಪಿದ ಗುರಿಗಳಿಗೆ ದಂಡದ ಸುತ್ತುಗಳು, ಕೊನೆಯ ಸ್ಥಾನ, ಊರಿಗೆ ಬಂದ ಮೇಲೆ ನಗೆಪಾಟಲು. ತಂಡದವರು ಅವನಿಗೆ 'ಪಕ್ಕದ್ಮನೆಯವ್ನು' ಎಂದು ಹೆಸರಿಟ್ಟರು. ಅಕ್ಮರಾಲ್ ಅವನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಳು.

"ನಾಳೆ ಹೇಳಿಬಿಡ್ತೀನಿ. ನಿನ್ನ ಜೊತೆ ಓಡಲ್ಲ ಅಂತ."

"ಹೇಳು."

"ಅಷ್ಟೇನಾ? ಅವತ್ತು ಏನು ನೋಡ್ತಿದ್ದೆ ಅಂತಾದ್ರೂ ಹೇಳೋ. ಟಿವಿ ಕ್ಯಾಮೆರಾನಾ?"

"ಹೂಂ. ಕ್ಯಾಮೆರಾ. ಎಡಗಡೆಯಿಂದ ಚೆನ್ನಾಗಿ ಕಾಣ್ತೀನಿ ನಾನು."

ಇವನಿಗೆ ನಾಚಿಕೆ ಅನ್ನುವುದೇ ಇಲ್ಲವಲ್ಲ... ಅವಳು ಸರ್ರನೆ ತಿರುಗಿದಳು. ನಾಲ್ಕು ಹೆಜ್ಜೆ ಇಟ್ಟಿರಬೇಕು. ಹಿಂದಿನಿಂದ ಅವನ ದನಿ ಕೇಳಿತು, ಈ ಸಲ ಮೆಲ್ಲಗೆ.

"ಇವತ್ತಾದ್ರೂ ಊಟ ಮಾಡಿದ್ಯಾ?"

ಅಕ್ಮರಾಲ್ ನಿಂತಲ್ಲೇ ನಿಂತಳು.

ಇವತ್ತಾದ್ರೂ?

ಆ ಮಾರ್ಚ್ ರಂಜಾನ್ ತಿಂಗಳು. ಕರಗಂಡದ ಆಸ್ಪತ್ರೆಯಲ್ಲಿದ್ದ ಅವಳ ಅಜೆ, ಅವಳನ್ನು ಎತ್ತಿ ಬೆಳೆಸಿದ ಅಜ್ಜಿ, ಫೋನಿನಲ್ಲಿ ಅತ್ತಿದ್ದಳು. 'ಹುಟ್ಟಿದಾಗಿನಿಂದ ತಪ್ಪಿಸದ ಉಪವಾಸ ಈ ವರ್ಷ ತಪ್ಪಿತಲ್ಲ ಮಗಾ... ಒಂದು ದಿನ ನನ್ನ ಹೆಸರಲ್ಲಿ ನೀನಿಡು.' ಪಂದ್ಯದ ಕಾಲದಲ್ಲಿ ಉಪವಾಸ ಬೇಡ ಎಂಬುದು ಗಲೀನಾ ಪಾವ್ಲೊವ್ನಾರ ಕಟ್ಟಪ್ಪಣೆ. ಆದರೂ ಅಕ್ಮರಾಲ್ ಇಟ್ಟಿದ್ದಳು. ಅದೂ ರಿಲೇಯ ದಿನವೇ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಳು.

"ನಿಂಗೆ... ನಿಂಗೆ ಹೇಗೆ ಗೊತ್ತು?"

ಸಾಯಾನ್ ಎದ್ದು ಕುಳಿತ. "ನಮ್ಮಮ್ಮನೂ ಇಡ್ತಾರೆ. ಅವತ್ತು ಬೆಳಗ್ಗೆ ನೀನು ಬ್ರೆಡ್ಡು ಜೇಬಿಗೆ ಹಾಕ್ಕೊಂಡು, ಚಹಾನ ಗಿಡದ ಕುಂಡಕ್ಕೆ ಸುರಿದಿದ್ದು ನೋಡ್ದೆ. ಸುಮ್ನಿದ್ದೆ. ನಿನ್ನಿಷ್ಟ."

"ಅದಕ್ಕೂ ನೀನು ತಪ್ಪಿದ್ದಕ್ಕೂ ಏನು ಸಂಬಂಧ?"

"ಸರದಿ ಕೊಟ್ಟು ಬೇಲಿ ಹತ್ರ ಕುಸಿದೆಯಲ್ಲ..."

"ಒಂದು ಕ್ಷಣ ಕೂತೆ. ಅಷ್ಟೇ."

"ಒಂದು ಕ್ಷಣ?" ಅವನು ನಕ್ಕ. ಒಳ್ಳೆಯ ನಗುವಲ್ಲ ಅದು. "ನಾನು ಸುತ್ತು ಮುಗಿಸಿ ಬಂದಾಗ್ಲೂ ನೀನು ಅಲ್ಲೇ ಬಿದ್ದಿದ್ದೆ ಕಣೇ. ಮುಖ ಹಿಮದಲ್ಲಿತ್ತು. ಓಡಿ ಬಂದೋರು ಬೀಳೋದು ಮಾಮೂಲಿ ಅಂತ ಯಾರೂ ಗಮನಿಸಿರ್ಲಿಲ್ಲ. ಚಾಪೆ ಮೇಲೆ ಮಲಗಿ ಒಂದ್ಸಲ ತಿರುಗಿ ನೋಡ್ದೆ. ಆಮೇಲೆ ಕಣ್ಣಿಟ್ಟಾಗ ನಳಿಗೆ ಪಕ್ಕಕ್ಕೆ ಸರಿದಿತ್ತು. ನಂಗೆ ಕಂಡಿದ್ದು ಐದು ಕಪ್ಪು ಬಿಲ್ಲೆ. ಯಾರ ಸಾಲು ಅಂತ ಯಾರು ನೋಡ್ತಾರೆ ಆಗ?"

ಅಕ್ಮರಾಲ್‌ಗೆ ಆ ದಿನ ಕೆನ್ನೆ ಅಷ್ಟು ತಣ್ಣಗಾಗಿದ್ದು ಯಾಕೆಂದು ಈಗ ಅರ್ಥವಾಯಿತು. ತನ್ನ ಎರಡನೇ ಸರದಿಗೆ ಎದ್ದು ಮತ್ತೆ ಓಡಿದ್ದಳು, ನಿಜ. ನಡುವೆ ಎಷ್ಟು ಹೊತ್ತು ಕಳೆದುಹೋಗಿತ್ತೋ ಅವಳಿಗೇ ತಿಳಿದಿರಲಿಲ್ಲ.

"ಯಾಕೆ ಹೇಳ್ಲಿಲ್ಲ?"

"ಯಾರಿಗೆ? ನಿಂಗಾ? ನೀನು ಮುಖ ಕೊಟ್ಟು ಮಾತಾಡಿದ್ರೆ ತಾನೇ? ಗಲೀನಾ ಪಾವ್ಲೊವ್ನಾಗಾ? ಅವತ್ತೇ ನಿನ್ನ ವಿಮಾನ ಹತ್ತಿಸಿಬಿಡ್ತಿದ್ರು."

ಅವಳಿಗೆ ಅಳು ಬರಬೇಕಿತ್ತು. ಬಂದಿದ್ದು ಕೋಪ, ಮೊದಲಿಗಿಂತ ಹೆಚ್ಚು.

"ನನ್ನ ಮೇಲೆ ದಯೆ ತೋರ್ಸೋಕೆ ನೀನ್ಯಾರು? ಯಾರು ಕೇಳಿದ್ರು ನಿನ್ನ?"

"ಯಾರೂ ಕೇಳ್ಲಿಲ್ಲ," ಎಂದು ಸಾಯಾನ್ ಮತ್ತೆ ಬೋರಲಾದ. "ಹೋಗಿ ಮಲಗು. ಬೆಳಗ್ಗೆ ನನ್ನ ಮನೆಗೆ ಕಳಿಸ್ಬೇಕಲ್ಲ."

ಅವಳು ಮಲಗಿದಳು. ನಿದ್ದೆ ಮಾತ್ರ ಬರಲಿಲ್ಲ.

ನಾಲ್ಕು ಚಳಿಗಾಲ ಈ ಜನರ ಜೊತೆ ಒಂದೇ ಮೇಜಿನಲ್ಲಿ ಉಂಡಿದ್ದಳು. ಆದರೂ ಯಾರ ಕೆಮ್ಮು ಕೇಳಿದರೂ ಒಳಗೊಳಗೇ ಲೆಕ್ಕ ಶುರುವಾಗುತ್ತಿತ್ತು. ಇವಳು ಹುಷಾರು ತಪ್ಪಿದರೆ ಆ ಜಾಗ ನನ್ನದಾ? ಎಲ್ಲರೂ ಹಾಗೇ. ಬೇರೆ ದೇಶದವರೊಂದಿಗೆ ಸೆಣಸುವುದು ಕೆಲವೇ ದಿನ. ಉಳಿದ ದಿನವೆಲ್ಲ ಪಕ್ಕದ ಹಾಸಿಗೆಯವಳ ಜೊತೆಗೇ. ಅಂಥ ಜಾಗದಲ್ಲಿ ಒಬ್ಬ ತನ್ನ ಜಾಗವನ್ನು ಸುಮ್ಮನೆ ಬಿಟ್ಟುಕೊಟ್ಟಿದ್ದ, ಅದೂ ಬೈಗುಳ ತಿನ್ನುತ್ತಾ. ಅವಳಿಗೆ ಅದು ಸಹಿಸಲಾಗಲಿಲ್ಲ.

ಬೆಳಗ್ಗೆ ಊಟದ ಕೋಣೆಯಲ್ಲಿ ಗಲೀನಾ ಪಾವ್ಲೊವ್ನಾ ಗಂಜಿಗೆ ಬೆಣ್ಣೆ ಹಾಕಿಕೊಳ್ಳುತ್ತಿದ್ದರು.

"ಏನಮ್ಮಾ, ಓಡ್ತೀಯೋ, ಇಲ್ವೋ?"

ಅಕ್ಮರಾಲ್ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಅಜೆ, ಉಪವಾಸ, ಕುಂಡಕ್ಕೆ ಸುರಿದ ಚಹಾ, ಬೇಲಿ. ಹೇಳುತ್ತಾ ಹೋದಂತೆ ಪಕ್ಕದ ಮೇಜಿನ ಚಮಚಗಳ ಸದ್ದು ನಿಂತಿತು. ರೌಶಾನ್ ಬಾಯಿಗಿಟ್ಟ ಬೌರ್ಸಾಕ್, ಆ ಕರಿದ ಹಿಟ್ಟಿನ ಉಂಡೆ, ಅಗಿಯುವುದನ್ನು ಮರೆತಿದ್ದಳು.

ಗಲೀನಾ ಪಾವ್ಲೊವ್ನಾ ಬೆಣ್ಣೆಯನ್ನು ಗಂಜಿಗೆ ಕಲಸಿದರು.

"ಅಜ್ಜಿ ಹೇಗಿದ್ದಾರೆ?"

"ಮನೆಗೆ ಬಂದಿದ್ದಾರೆ."

"ಒಳ್ಳೇದು. ನೀನು ಉಪವಾಸ ಇದ್ದಿದ್ದು ನಿನ್ನ ದೇವರಿಗೂ ನಿಂಗೂ ಬಿಟ್ಟಿದ್ದು. ನನ್ನ ಹತ್ರ ಮುಚ್ಚಿಟ್ಟಿದ್ದು ತಪ್ಪು. ಬಂದೂಕು ಹಿಡಿದವಳು ಕಣ್ಣು ಕತ್ತಲೆ ಬಂದು ಬಿದ್ರೆ ಏನಾಗುತ್ತೆ ಅಂತ ಯೋಚಿಸಿದ್ಯಾ?" ಅವರು ಚಮಚ ಕೆಳಗಿಟ್ಟರು. "ಭಾನುವಾರದ ರಿಲೇ ರೌಶಾನ್ ಓಡ್ತಾಳೆ. ನೀನು ಬೇಲಿ ಆಚೆ ನಿಲ್ತೀಯ. ಮುಂದಿನದು ಆಮೇಲೆ ನೋಡೋಣ."

"ಸಾಯಾನ್?"

"ಓಡ್ತಾನೆ. ಈ ಸಲ ಸರಿಯಾಗಿ ಹೊಡೆದ್ರೆ ಇರ್ತಾನೆ."

ಮೂಲೆಯ ಮೇಜಿನಿಂದ ಸಾಯಾನ್ ಅವಳನ್ನು ನೋಡಿದ. ಕೊಂದುಹಾಕುವಂಥ ನೋಟ.

ಕೋಣೆಗೆ ಬಂದ ಮೇಲೆ ರೌಶಾನ್ ಸ್ಕೀಗೆ ಮೇಣ ಉಜ್ಜುತ್ತಾ ಕೂತಳು. "ಅಕ್ಕಾ, ನಂಗೆ ಖುಷಿಯಾಗ್ತಿದೆ. ಹಾಳಾಗ್ಲಿ, ನಾಚಿಕೆನೂ ಆಗ್ತಿದೆ," ಎಂದಳು.

"ಖುಷಿಪಡು. ನಾನಾಗಿದ್ರೆ ನಾಚಿಕೆನೂ ಪಡ್ತಿರಲಿಲ್ಲ."

ಭಾನುವಾರ ಗಾಳಿ ಜೋರಾಗಿತ್ತು. ಗುರಿಯ ಮೈದಾನದ ಬಾವುಟಗಳು ಬಡಿದುಕೊಳ್ಳುತ್ತಿದ್ದವು. ಅಕ್ಮರಾಲ್ ಬೇಲಿಯ ಆಚೆ, ಟಿಕೆಟ್ ಕೊಂಡು ಬಂದವರ ನಡುವೆ ನಿಂತಿದ್ದಳು. ರೌಶಾನ್ ಐದನೆಯವಳಾಗಿ ಬಂದು ಸಾಯಾನ್‌ನ ಬೆನ್ನು ಮುಟ್ಟಿದಾಗ ಅಕ್ಮರಾಲ್‌ಳ ಕೈಬೆರಳುಗಳು ತಾವಾಗಿಯೇ ಮಡಚಿಕೊಂಡವು. ಅದು ನನ್ನ ಕೈ ಆಗಬೇಕಿತ್ತು...

"ಪಕ್ಕದ್ಮನೆಯವ್ನೇ, ನಿಮ್ಮನೆ ಗೊತ್ತಾಯ್ತಾ?" ಎಂದು ಯಾರೋ ಗುಂಪಿನಿಂದ ಕೂಗಿದರು. ನಗು ಎದ್ದಿತು.

"ಬಾಯ್ ಮುಚ್ರೀ," ಎಂದಳು ಅಕ್ಮರಾಲ್. ಪಕ್ಕದಲ್ಲಿ ನಿಂತಿದ್ದ ದಪ್ಪ ಕೋಟಿನ ಹೆಂಗಸು ಬೆಚ್ಚಿ ಅವಳನ್ನು ನೋಡಿದಳು.

ಸಾಯಾನ್ ಚಾಪೆಯ ಮೇಲೆ ಮಲಗಿದ. ಗಾಳಿ ತಗ್ಗಲಿ ಎಂದು ಕಾದ. ತಿರುಗಿ ನೋಡಲಿಲ್ಲ.

ಒಂದು ಬಿಲ್ಲೆ ಬಿಳಿಯಾಯಿತು, ಅವನದೇ ಸಾಲಿನಲ್ಲಿ. ಎರಡು. ಮೂರು. ನಾಲ್ಕು. ಐದನೆಯದಕ್ಕೆ ಅಕ್ಮರಾಲ್ ಕಣ್ಣು ಮುಚ್ಚಿಕೊಂಡಳು. ಅದೂ ಬಿತ್ತೆಂದು ಜನರ ಕೂಗಿನಿಂದಲೇ ತಿಳಿಯಿತು.

ರೌಶಾನ್, ಸಾಯಾನ್ ನಾಲ್ಕನೆಯವರಾಗಿ ಮುಗಿಸಿದರು. ಪದಕವಿಲ್ಲ. ಆದರೆ ಗಲೀನಾ ಪಾವ್ಲೊವ್ನಾ ಸಾಯಾನ್‌ನ ಟೋಪಿಯನ್ನು ಕಿವಿಯವರೆಗೆ ಎಳೆದು ಬೆನ್ನಿಗೊಂದು ಏಟು ಹಾಕಿದರು. ಅವರು ಹಾಗೆ ಮಾಡಿದರೆಂದರೆ ಜಾಗ ಉಳಿಯಿತೆಂದೇ ಅರ್ಥ.

ಸ್ಕೀಗೆ ಮೇಣ ಹಚ್ಚುವ ಗುಡಿಸಲಿನ ಹಿಂದೆ ಅವನು ಅವಳನ್ನು ಅಡ್ಡಗಟ್ಟಿದ. ಗಡ್ಡದಲ್ಲಿ ಮಂಜು ಕಟ್ಟಿತ್ತು. ಇನ್ನೂ ಏದುಸಿರು.

"ಹುಚ್ಚಾ ನಿಂಗೆ? ಇಷ್ಟು ತಿಂಗಳು ನಾನು ಬೈಸ್ಕೊಂಡಿದ್ದು ಯಾಕೆ? ನೀನು ಹೋಗಿ ಎಲ್ಲಾ ಒದರ್ಲಿ ಅಂತಾನಾ?"

"ನಿನ್ನ ದಯೆ ಹೊತ್ಕೊಂಡು ಓಡೋಕೆ ನನ್ನ ಕೈಲಾಗಲ್ಲ. ರೈಫಲ್ ಭಾರವೇ ಸಾಕು."

"ದಯೆ ಅಲ್ಲ ಅದು." ಅವನು ಟೋಪಿ ಕಿತ್ತು ಕೈಯಲ್ಲಿ ಹಿಡಿದ. "ಹೆದರಿಕೆ. ನೀನು ಏಳಲ್ವೇನೋ ಅಂತ... ಪದಕ, ಚಾಪೆ ಏನೂ ನೆನಪಿಗೆ ಬರ್ಲಿಲ್ಲ. ಅದನ್ನ ಗಲೀನಾ ಪಾವ್ಲೊವ್ನಾಗೆ ಹೇಗೆ ಹೇಳ್ಲಿ? ನಿಂಗಂತೂ ಹೇಳೋ ಹಾಗೇ ಇರ್ಲಿಲ್ಲ."

ಗುಡಿಸಲೊಳಗೆ ಯಾರೋ ಮೇಣ ಕೆರೆಯುತ್ತಿದ್ದರು. ಅಕ್ಮರಾಲ್ ಬೈಯಲು ಒಂದು ಮಾತಿಗಾಗಿ ಹುಡುಕಿದಳು. ನಿಜವಾಗಿಯೂ ಹುಡುಕಿದಳು.

"ಇವತ್ತು ಮಾತ್ರ ಯಾಕೆ ತಿರುಗಿ ನೋಡ್ಲಿಲ್ಲ?"

"ಬೆಳಗ್ಗೆ ಎರಡು ತಟ್ಟೆ ಗಂಜಿ ತಿಂದೆಯಲ್ಲ. ಬೀಳಲ್ಲ ಅಂತ ಧೈರ್ಯ."

ಅವಳಿಗೆ ನಗು ಬಂತು. ಅದರ ಹಿಂದೆಯೇ ಇಷ್ಟು ದಿನ ಬಾರದ ಅಳುವೂ ಬಂತು. ಅವನ ಎದೆಗೆ ಮುಷ್ಟಿಯಿಂದ ಗುದ್ದಿದಳು. ಅವನು ಆ ಮುಷ್ಟಿಯನ್ನು ಹಿಡಿದು, ಕೈಗವಸು ಕಳಚಿ, ಹೆಪ್ಪುಗಟ್ಟಿದ ಬೆರಳುಗಳನ್ನು ಬಾಯಿಯ ಹತ್ತಿರ ತಂದು ಬಿಸಿಯುಸಿರು ಊದಿದ.

"ಇನ್ನೂ ಸಿಟ್ಟಿದ್ಯಾ?" ಅವನು ಕೇಳಿದ.

"ಇದೆ."

"ಎಷ್ಟು?"

"ತುಂಬಾ. ಕೈ ಬಿಡ್ಬೇಡ."

ಅವನು ಬಿಡಲಿಲ್ಲ. ಅವಳು ಹಣೆಯನ್ನು ಅವನ ಭುಜಕ್ಕೆ ಒರಗಿಸಿದಳು. ಅವನು ಅವಳ ಹೆಸರು ಹೇಳಿದ. ಅವಳೂ ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅವನ ಹೆಸರು ಹೇಳಿದಳು.

"ಅಕ್ಕಾ, ಬಸ್ಸು ಹೊರಡ್ತಿದೆ!" ರೌಶಾನ್ ಮೂಲೆ ತಿರುಗಿ ಬರುವಷ್ಟರಲ್ಲಿ ಇಬ್ಬರೂ ದೂರ ಸರಿದಿದ್ದರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಏನು, ಮತ್ತೆ ಜಗಳಾನಾ?"

"ಇನ್ನೇನು," ಎಂದಳು ಅಕ್ಮರಾಲ್, ಕೈಗವಸು ಎಳೆದುಕೊಳ್ಳುತ್ತಾ.

ಒಂದು ಸತ್ಯವನ್ನು ಇಡೀ ಊಟದ ಕೋಣೆಯ ಮುಂದೆ ಹೇಳಿ ಆಗಿತ್ತು. ಅದು ಅವನಿಗೆ ಸಲ್ಲಬೇಕಾಗಿದ್ದು. ಇದು ತನ್ನದು. ಇದನ್ನು ರೌಶಾನ್‌ಗೂ ಹೇಳುವುದಿಲ್ಲ, ರಾತ್ರಿ ಫೋನ್ ಮಾಡುವ ಅಜೆಗೂ ಹೇಳುವುದಿಲ್ಲ ಎಂದುಕೊಂಡು ಅವಳು ಬಸ್ಸು ಹತ್ತಿದಳು.