ಮಂಟಪದ ಮೇಲಿನ ಗೀಟು

ಮುನಿಕೃಷ್ಣಮ್ಮನ ಮನೆಗೆ ಹಕ್ಕುಪತ್ರ ಇರಲಿಲ್ಲ.

ಅವಳ ಮನೆಗೆ ಮಾತ್ರ ಅಲ್ಲ. ರಾಜಾನುಕುಂಟೆಯಿಂದ ಎರಡು ಮೈಲಿ ಆಚೆ, ಅರ್ಕಾವತಿಯ ಪಕ್ಕದ ತಗ್ಗಿನಲ್ಲಿದ್ದ ಏಳು ಮನೆಗಳಿಗೂ ಇರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಇಟ್ಟಿಗೆ ಗೂಡಿನ ಯಜಮಾನ ಹೊಳೆಯುದ್ದಕ್ಕೂ ಮಣ್ಣಿನ ಏರಿ ಹಾಕಿಸಿ, ನೀರು ಈಚೆ ಬರದಂತೆ ಮಾಡಿ, ಕೆಲಸದವರಿಗೆ ಅಲ್ಲಿ ಜಾಗ ಕೊಟ್ಟಿದ್ದ. ಬಾಯಿಮಾತಿನಲ್ಲಿ. ಅವನು ಸತ್ತ. ಬಾಯಿಮಾತೂ ಅವನ ಜೊತೆ ಹೋಯಿತು.

1987ರ ಜನವರಿಯ ಒಂದು ಬೆಳಿಗ್ಗೆ ಮುನಿಕೃಷ್ಣಮ್ಮ ಡೇರಿಗೆ ಹಾಲು ಹಾಕಿ ಬಂದಳು. ನೋಡಿದರೆ ಅವರ ಕಣದ ನಡುವೆ ಒಬ್ಬ ಅಪರಿಚಿತ! ಮೂರು ಕಾಲಿನ ಯಂತ್ರದೊಳಗೆ ಒಂದು ಕಣ್ಣಿಟ್ಟು ನಿಂತಿದ್ದಾನೆ. ಕಾಲಲ್ಲಿ ಬೂಟು.

"ಏಯ್! ಯಾರಯ್ಯಾ ನೀನು? ಕಣಕ್ಕೆ ಮೆಟ್ಟು ಆಕ್ಕೊಂಡು ಬಂದಿದ್ದೀಯಲ್ಲ, ಅನ್ನ ತಿನ್ನಲ್ವಾ?"

ಅವನು ಬೆಚ್ಚಿದ. ಕಾಲು ನೋಡಿಕೊಂಡ. ಅಲ್ಲೇ ಕುಳಿತು ಬೂಟು ಬಿಚ್ಚಿ ಬೇಲಿಯ ಆಚೆ ಇಟ್ಟು ಬಂದ.

"ತಪ್ಪಾತ್ರಿ. ನಮ್ಮೂರಾಗೂ ಹಾಕೂದಿಲ್ಲ. ಸುಗ್ಗಿ ಮುಗದದ ಅಂತ ತಿಳದೆ."

ಜಗಳಕ್ಕೆ ಸಿದ್ಧಳಾಗಿದ್ದವಳು ಬೇರೆ ತಪ್ಪು ಹುಡುಕಿದಳು.

"ಅದೇನು ಕೋಲು ನೆಟ್ಟಿರೋದು ಅಲ್ಲಿ? ಬೀಳ್ತಾ ಐತೆ ನೋಡಿ."

"ಅಯ್ಯ, ಹಿಡೀರಿ! ಹಂಗ ನೆಟ್ಟಗ ಹಿಡ್ಕೊಂಡ ನಿಲ್ರಿ! ನನ್ನ ಜೋಡಿ ಬಂದಾಂವಗ ಜ್ವರ ಬಂದಾವ..."

ಅವಳು ಅಳತೆಯ ಕೋಲನ್ನು ಹಿಡಿದಳು. ಯಾಕೆ ಹಿಡಿದಳೋ ಅವಳಿಗೇ ಗೊತ್ತಿಲ್ಲ. ಅವನು ಯಂತ್ರದೊಳಗೆ ನೋಡಿದ. ನೋಡಿದ. ನೋಡುತ್ತಲೇ ಇದ್ದ.

"ಎಷ್ಟೊತ್ತು?"

"ಈ ಗಾಜಿನಾಗ ಎಲ್ಲಾ ತಲಿಕೆಳಗ ಕಾಣತದ್ರಿ. ನೀವೂ ತಲಿಕೆಳಗ ನಿಂತೀರಿ. ಸಿಟ್ಟು ಮಾತ್ರ ನೆಟ್ಟಗ ಐತಿ."

ಅವಳು ನಗಬಾರದೆಂದು ತುಟಿ ಕಚ್ಚಿದಳು. ಆದರೂ ನಗು ಬಂತು.

ಅವನ ಹೆಸರು ಸಿದ್ರಾಮಪ್ಪ. ಗದಗಿನ ಕಡೆಯವನು. ಇಪ್ಪತ್ತಾರು ವರ್ಷ. ಯಲಹಂಕದಲ್ಲಿ ಬಾಡಿಗೆ ಕೋಣೆ, ನೀರಿನ ಕೆಲಸದ ಒಂದು ಕಚೇರಿಯಲ್ಲಿ ಸರ್ವೆಯವನು. ಸರ್ಕಾರ ಆ ಹಳೆಯ ಏರಿಯನ್ನು ಒಡೆಸಿ, ಹೊಳೆಗೆ ಅದರ ಬಯಲನ್ನು ವಾಪಸು ಬಿಡಬೇಕೆಂದಿತ್ತು. ನೀರು ಹರಡಿ ನಿಂತರೆ ಬತ್ತಿದ ಬಾವಿಗಳು ತುಂಬುತ್ತವೆ, ಕೆಳಗಿನ ಕೆರೆಗೂ ನೀರಾಗುತ್ತದೆ. ಬಯಲಿನಲ್ಲಿ ಹಳೆಯ ಕಲ್ಲು, ಗುಡಿ, ಹಕ್ಕಿ ಕೂರುವ ಮರ ಏನೇನಿದೆಯೋ ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಬೇಕಿತ್ತು.

"ನಮ್ಮನೆಗಳು?" ಅವಳು ಕೇಳಿದ ಮೊದಲ ಪ್ರಶ್ನೆ ಅದೇ.

"ಗೊತ್ತಿಲ್ರಿ. ಹಿಂದ ನೀರು ಎಲ್ಲಿತನ ಬರತಿತ್ತು ಅನ್ನೂದು ಗೊತ್ತಾಗಬೇಕು. ಅದರ ಕೆಳಗಿದ್ದದ್ದು ಹೋಗತದ. ಮ್ಯಾಲಿದ್ದದ್ದು ಉಳೀತದ."

ಅವಳ ಎದೆ ಹಗುರವಾಯಿತು. ನೀರು ಎಲ್ಲಿಯವರೆಗೆ ಬರುತ್ತಿತ್ತು ಎನ್ನುವುದಕ್ಕೆ ಸಾಕ್ಷಿ ಇದೆ! ಅದು ಅವಳಿಗೆ ಗೊತ್ತು!

ಆದರೆ ಮೊದಲ ದಿನವೇ ಹೇಳಲಿಲ್ಲ. ಹೇಳಿಬಿಟ್ಟರೆ ಇವನ ಕೆಲಸ ಮುಗಿಯುತ್ತದೆ, ಇವನು ಹೋಗಿಬಿಡುತ್ತಾನೆ... ಆ ಯೋಚನೆ ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ನಾಲ್ಕು ಭಾನುವಾರ ಅವರು ಬಯಲು ಸುತ್ತಿದರು. ಜೊತೆಗೆ ತಾತ ಚಿಕ್ಕಬೈರಪ್ಪ ಇರುತ್ತಿದ್ದ. ಕಣ್ಣು ಸರಿಯಾಗಿ ಕಾಣದ ಅವನು ಅರ್ಧ ದಾರಿಯಲ್ಲೇ ಯಾವುದಾದರೂ ಮರದಡಿ ಕೂರುತ್ತಿದ್ದ.

ಅವಳು ದನ ಕಾಯಲು ಹೋಗಿ ಸತ್ತವನ ವೀರಗಲ್ಲು ತೋರಿಸಿದಳು. ಕೆಳಗಿನ ಸಾಲಿನಲ್ಲಿ ಹಸುಗಳು, ನಡುವೆ ಬಿಲ್ಲು ಹಿಡಿದ ಗಂಡಸು, ಮೇಲೆ ಅವನನ್ನು ಸ್ವರ್ಗಕ್ಕೆ ಒಯ್ಯುವ ಹೆಂಗಸರು.

"ಸತ್ತ ಮ್ಯಾಲೆ ಎಷ್ಟು ಮಂದಿ ಬಂದಾರ ನೋಡ್ರಿ," ಎಂದ ಸಿದ್ರಾಮಪ್ಪ. "ಬದಕಿದ್ದಾಗ ಒಬ್ಬಾಕಿ ಬಂದಿದ್ರ ಸಾಕಾಗಿತ್ತು."

"ಬದುಕಿದ್ದಾಗ ಬಾಯಿ ಬಿಟ್ಟು ಕೇಳಿದ್ರೆ ಬತ್ತಿದ್ಳೇನೋ."

ಹೇಳಿದ ಮೇಲೆ ಅವಳ ಕಿವಿ ಬಿಸಿಯಾಯಿತು. ಅವನು ಪುಸ್ತಕದಲ್ಲಿ ಏನೋ ಬರೆಯುವಂತೆ ನಟಿಸಿದ. ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ.

ಹುಣಸೆ ತೋಪು ತೋರಿಸಿದಳು. ಏರಿ ಹಾಕುವ ಮೊದಲು ಆ ಮರಗಳ ತುಂಬ ಕೊಕ್ಕರೆ ಗೂಡು ಕಟ್ಟುತ್ತಿದ್ದವೆಂದು ತಾತ ಹೇಳುತ್ತಿದ್ದ. ಅವಳು ಹುಟ್ಟಿದ ಮೇಲೆ ಒಂದನ್ನೂ ನೋಡಿರಲಿಲ್ಲ.

ನಾಲ್ಕನೆಯ ಭಾನುವಾರ ಹೊಳೆಯ ಹತ್ತಿರದ ಕಲ್ಲು ಮಂಟಪಕ್ಕೆ ಕರೆದೊಯ್ದಳು. ಕಂಬದ ಮೇಲೆ ಉಳಿಯಲ್ಲಿ ಹೊಡೆದ ಅಡ್ಡ ಗೀಟುಗಳು. ಹೊಳೆ ಬಂದ ವರ್ಷವೆಲ್ಲ ತಾತನ ಅಪ್ಪ ನೀರು ಮುಟ್ಟಿದ ಕಡೆ ಒಂದು ಗೀಟು ಹೊಡೆಯುತ್ತಿದ್ದನಂತೆ.

"ಇದೇ ಎಲ್ಲಕ್ಕಿಂತ ಮೇಲಿಂದು," ಎಂದು ಅವಳು ಕಂಬಕ್ಕೆ ಒತ್ತಿ ನಿಂತಳು. "ನೋಡಿ, ನನ್ನ ಗಲ್ಲದವರೆಗೂ ಇಲ್ಲ! ನಮ್ಮನೆ ಎಲ್ಲಿ, ಇದೆಲ್ಲಿ! ಅಲ್ಲಿಗೆ ನೀರು ಬರೋಕೆ ಸಾಧ್ಯಾನೇ ಇಲ್ಲ, ಬರ್ಕೊಳ್ಳಿ."

ಅವನೂ ನಕ್ಕ. ಕಣ್ಣಿಗೆ ಹಾಗೇ ಕಾಣುತ್ತಿತ್ತು. ಮಂಟಪದಿಂದ ನೆಲ ಏರುತ್ತಾ ಹೋಗಿ, ಹುಣಸೆ ತೋಪು ದಾಟಿ, ಮನೆಗಳು ದೂರದಲ್ಲಿದ್ದವು. ತೋಪಿನ ಆಚೆ ನೆಲ ಮತ್ತೆ ಇಳಿಯುತ್ತದೆ ಎಂಬುದು ನಡೆಯುವವರ ಕಾಲಿಗೆ ತಿಳಿಯುವಂತಿರಲಿಲ್ಲ. ಯಂತ್ರಕ್ಕೆ ತಿಳಿಯಿತು.

ಕೋಲು ಹಿಡಿದವಳು ಅವಳೇ. ಮಂಟಪದಿಂದ ತೋಪಿಗೆ, ತೋಪಿನಿಂದ ಕಣಕ್ಕೆ, ಕಣದಿಂದ ಅವಳ ಮನೆಯ ಹೊಸಿಲಿಗೆ. ಕೊನೆಯ ಲೆಕ್ಕ ಬರೆದ ಮೇಲೆ ಅವನು ಮೂರು ಸಲ ಕೂಡಿ ಕಳೆದ. ಮುಖ ಸಣ್ಣದಾಯಿತು.

"ಏನಾಯ್ತು?"

"ಏನಿಲ್ಲ... ಬಿಸಲು."

ಕಾಫಿ ಕುಡಿಯದೆ ಹೋದ. ಒಂದು ವಾರ ಬರಲಿಲ್ಲ. ಎರಡನೆಯ ವಾರವೂ ಬರಲಿಲ್ಲ. ನನ್ನನ್ನು ಕೇಳಲು ಧೈರ್ಯ ಮಾಡಿಕೊಳ್ಳುತ್ತಿದ್ದಾನೆ, ಎಂದುಕೊಂಡಳು ಹುಚ್ಚಿ! ಹೇಗೆ ಉತ್ತರ ಕೊಡಬೇಕೆಂದೂ ಯೋಚಿಸಿಟ್ಟಳು.

ಬಂದದ್ದು ನೋಟೀಸು. ಮಂಟಪದ ಮೇಲಿನ ಗೀಟಿಗಿಂತ ಏಳು ಮನೆಗಳೂ ತಗ್ಗಿನಲ್ಲಿವೆ, ಯುಗಾದಿಯೊಳಗೆ ಖಾಲಿ ಮಾಡಬೇಕು. ಹಕ್ಕುಪತ್ರ ಇಲ್ಲದ್ದರಿಂದ ಬದಲಿ ನಿವೇಶನ ಇಲ್ಲ.

ಪಕ್ಕದ ಮನೆಯ ಪಂಚಪ್ಪ ಬೀದಿಯಲ್ಲೇ ನಿಂತು ಕೂಗಿದ. "ಬಾರವ್ವಾ, ಬಾ! ಊರೆಲ್ಲಾ ಸುತ್ತಿ ತೋರಿಸ್ದಲ್ಲ, ನನ್ನ ಒಲೆ ಎಲ್ಲೈತೆ ಅಂತಾನೂ ತೋರಿಸ್ಬಿಡು ಅವನಿಗೆ!"

ಅವ್ವ ಮುನಿವೆಂಕಟಮ್ಮ ಬೈಯಲಿಲ್ಲ. ಪಾತ್ರೆಗಳನ್ನು ಒಂದೊಂದಾಗಿ ಗೋಣಿಚೀಲಕ್ಕೆ ಹಾಕತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

"ನಂಗೆ ಗೊತ್ತಿತ್ತು ಕಣಮ್ಮಾ," ಎಂದ ತಾತ, ಗೋಡೆಯ ಕಡೆ ಮುಖ ಮಾಡಿ. "ಚಿಕ್ಕೋನಿದ್ದಾಗ ಈ ಜಾಗದಾಗೇ ಈಜಿದ್ದೀನಿ. ಬಾಯಿ ಬಿಟ್ರೆ ಇದೂ ಓಯ್ತದೆ ಅಂತ ಸುಮ್ನಿದ್ದೆ."

ಅವಳು ಬಸ್ಸು ಹತ್ತಿ ಯಲಹಂಕಕ್ಕೆ ಹೋದಳು. ಕಚೇರಿಯ ಮೆಟ್ಟಿಲ ಮೇಲೆ ಅವನು ಸಿಕ್ಕಿದ. ಗಡ್ಡ ಬಿಟ್ಟಿದ್ದ.

"ಇದಕ್ಕೇನಾ ನನ್ನ ಹಿಂದೆ ಹಿಂದೆ ಸುತ್ತಿದ್ದು?"

"ಕೃಷ್ಣಮ್ಮ..."

"ಹೆಸರು ಹಿಡೀಬೇಡಿ! ಸ್ವಲ್ಪ ಹೆಚ್ಚು ಕಮ್ಮಿ ಬರೆದಿದ್ರೆ ನಿಮ್ಮಪ್ಪನ ಗಂಟು ಹೋಗ್ತಿತ್ತಾ? ಯಾರು ಬಂದು ನೋಡೋರು?"

"ಯಾರೂ ನೋಡತಿರಲಿಲ್ಲ. ಬರಿಯಾಕೂ ಕುಂತಿದ್ದೆ. ಎರಡು ಸಲ ಬರದು ಹರದೆ." ಅವನ ದನಿ ಒಡೆಯಿತು. "ನೀರು ನನ್ನ ಪುಸ್ತಕ ಓದಿ ಬರೂದಿಲ್ರಿ. ಮಲಗಿದ್ದಾಗ ಬಂತಂದ್ರ? ನಿಮ್ಮ ತಾತಗ ಕಣ್ಣು ಕಾಣೂದಿಲ್ಲ..."

"ಇಪ್ಪತ್ತೆರಡು ವರ್ಷದಿಂದ ಬಂದಿಲ್ಲ!"

"ಏರಿ ಇತ್ತು. ಇನ್ನ ಇರೂದಿಲ್ಲ."

"ಒಡೀಬೇಡಿ ಅಂತ ಹೇಳಿ!"

"ನನ್ನ ಮಾತು ಯಾರು ಕೇಳ್ತಾರ? ನಾನು ಬರೇ ಅಳತಿ ಮಾಡಾಂವ."

ಇನ್ನೂ ಏನೋ ಹೇಳಲು ಅವನು ಬಾಯಿ ತೆರೆದ. ಮುಚ್ಚಿದ. ಮನೆ ಕಿತ್ತುಕೊಂಡವನ ಬಾಯಲ್ಲಿ ಮದುವೆಯ ಮಾತು ಬಂದರೆ ಪರಿಹಾರ ಕೊಟ್ಟಂತೆ ಕೇಳಿಸುತ್ತದೆ. ಅದು ಅವನಿಗೆ ಗೊತ್ತಿತ್ತು.

"ಇನ್ನು ನಿಮ್ಮ ಮುಖ ನೋಡಲ್ಲ," ಎಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ರಾಜಾನುಕುಂಟೆಯವರೆಗೂ ಅತ್ತಳು. ಮನೆಗಾಗಿ ಅತ್ತಳೋ, ಅವನಿಗಾಗಿಯೋ? ಎರಡನ್ನೂ ಬೇರೆ ಮಾಡಲು ಅವಳಿಗೆ ಆಗಲಿಲ್ಲ.

ಕೊಡಿಗೇಹಳ್ಳಿಯಲ್ಲಿ ಒಂದು ಕೋಣೆ ಸಿಕ್ಕಿತು. ಅವ್ವ ಎರಡು ಹಸುಗಳನ್ನೂ ಮಾರಿದಳು. ಮುನಿಕೃಷ್ಣಮ್ಮ ಹೊಲಿಗೆ ಕಲಿತು ಒಂದು ಅಂಗಡಿಗೆ ಸೇರಿದಳು. ಏರಿ ಒಡೆದರು, ಮನೆಗಳನ್ನು ಕೆಡವಿದರು.

ಆ ವರ್ಷ ಮಳೆ ಸರಿಯಾಗಿ ಬರಲಿಲ್ಲ. ನೀರು ಹುಣಸೆ ತೋಪಿನವರೆಗೂ ಬರಲಿಲ್ಲ! ಪಂಚಪ್ಪ ಕೊಡಿಗೇಹಳ್ಳಿಯವರೆಗೆ ನಡೆದು ಬಂದು ಆ ಸುದ್ದಿ ಹೇಳಿ ಹೋದ. ಬರೀ ಒಣ ನೆಲಕ್ಕಾಗಿ ಮನೆ ಕೆಡವಿದರು ಎಂದು ಕೇಳಿಕೊಂಡೇ ತಾತ ಡಿಸೆಂಬರಿನಲ್ಲಿ ತೀರಿಕೊಂಡ. ಕಾಲು ಚಾಚಲು ಜಾಗವಿಲ್ಲದ ಆ ಕೋಣೆಯಲ್ಲಿ.

ಅವನು ಬರುತ್ತಾನೆಂದು ಅವಳು ಕಾದಳು. ಬಂದರೆ ಉಗಿಯಬೇಕೆಂದು ಕಾದಳು. ಆಮೇಲೆ ಸುಮ್ಮನೆ ಕಾದಳು. ಬರಲಿಲ್ಲ.

ಮರುವರ್ಷ, 1988ರ ಸೆಪ್ಟೆಂಬರಿನಲ್ಲಿ ಹೊಳೆ ಬಂತು. ಸುದ್ದಿ ತಂದವನು ಮತ್ತೆ ಪಂಚಪ್ಪನೇ. ಈ ಸಲ ಅವನು ಕೂಗಲಿಲ್ಲ. ಹೊಸಿಲ ಬಳಿ ಕುಳಿತ.

"ನಿಮ್ಮನೆ ಇದ್ದ ಕಡೆ ಒಂದಾಳುದ್ದ ನೀರು ಕಣಮ್ಮಾ. ನಮ್ಮನೆ ಕಡೆ ಅದಕ್ಕಿಂತ ಜಾಸ್ತಿ. ಬೆಳಗಿನ ಜಾವ ಬಂತಂತೆ... ಎಲ್ರೂ ಮಲಗಿರೋ ಒತ್ತು."

ಎರಡು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಅವಳು ದೊಡ್ಡಬಳ್ಳಾಪುರದ ಬಸ್ಸು ಹತ್ತಿದಳು.

ಬಯಲು ಗುರುತೇ ಸಿಗಲಿಲ್ಲ. ಮಂಟಪ ಅರ್ಧ ಮುಳುಗಿತ್ತು. ಜೊಂಡಿನಲ್ಲಿ ನೀರುಕೋಳಿಗಳು ಓಡಾಡುತ್ತಿದ್ದವು. ತೋಪಿನಲ್ಲಿ ನೀರಿನ ನಡುವೆ ನಿಂತಿದ್ದ ಹುಣಸೆ ಮರಗಳು ಎಲೆ ಉದುರಿಸಿ ಸಾಯುತ್ತಿದ್ದವು. ಅವುಗಳ ಮೇಲೆಲ್ಲ ಕೊಕ್ಕರೆಗಳು! ಬೆಂಗಳೂರಿನಿಂದ ಕ್ಯಾಮೆರಾ ತಂದಿದ್ದ ನಾಲ್ಕು ಜನ ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸುತ್ತಿದ್ದರು. ದಾರಿಯ ಪಕ್ಕ ಹೊಸ ಫಲಕ. ವೀರಗಲ್ಲು, ಕಲ್ಲು ಮಂಟಪ, ಕೊಕ್ಕರೆ ತೋಪು. ಇಲ್ಲಿ ಮನೆಗಳಿದ್ದವು ಎಂದು ಅದರಲ್ಲಿ ಇರಲಿಲ್ಲ.

ಎಷ್ಟು ಚೆನ್ನಾಗಿದೆ ಎಂದು ಅವಳಿಗೆ ಅನಿಸಿತು. ಅನಿಸಿದ್ದಕ್ಕೆ ಹೊಟ್ಟೆ ಉರಿಯಿತು.

"ಕೃಷ್ಣಮ್ಮ."

ತಿರುಗಿದಳು. ಸಿದ್ರಾಮಪ್ಪ. ಸೊರಗಿದ್ದ. ನೀರಿನ ಮಟ್ಟ ಬರೆದುಕೊಳ್ಳಲು ಬಂದಿದ್ದ. ಕಂಕುಳಲ್ಲಿ ಒಂದು ದಪ್ಪ ಫೈಲು.

"ನೀವು ಬರೆದಿದ್ದೇ ಸರಿ ಆಯ್ತಲ್ಲ," ಎಂದಳು. "ಖುಷೀನಾ?"

"ಇಲ್ಲ." ಅವನು ನೀರಿನ ಕಡೆ ನೋಡಿದ. "ತಪ್ಪಾಗಲಿ ಅಂತ ದಿನಾ ಬೇಡಕೋತಿದ್ದೆ."

ಅವಳು ಅವನ ಕಂಕುಳ ಫೈಲಿನ ಕಡೆ ನೋಡಿದಳು.

"ಏಳೂ ಮನಿಗೆ ಜಾಗ ಕೊಡ್ರಿ ಅಂತ ಅರ್ಜಿ ಹಾಕಿದೆ. ಹತ್ತೊಂಬತ್ತು ಸಲ ಹೋದೆ. ಈ ಟೇಬಲ್ ಅಲ್ಲ ಆ ಟೇಬಲ್ ಅಂತಾರ. ಒಂದೂ ಆಗಲಿಲ್ಲ. ತಾತ ಹೋದದ್ದು ತಿಳೀತು. ನಿಮ್ಮ ಓಣಿ ತನಕ ಬಂದೆ. ಹೊಳ್ಳಿ ಹೋದೆ."

"ಓಣಿವರೆಗೂ ಬಂದೋರು ಬಾಗಿಲಿಗೆ ಬರೋಕೇನಾಗಿತ್ತು?"

"ಬರಿಗೈಲೆ ಹ್ಯಾಂಗ ಬರೂದು?"

ಒಂದೂವರೆ ವರ್ಷದಿಂದ ಕೂಡಿಟ್ಟ ಬೈಗುಳವೆಲ್ಲ ಕರಗಿ ಅವಳ ಕಣ್ಣಿಗೆ ಬಂತು.

"ಬರಿಗೈಲೇ ಬರಬೇಕಿತ್ತು ಕಣ್ರೀ! ನಾನೇನು ಕಾಗದ ಕಾಯ್ತಿದ್ನಾ?"

ಅವನ ಕಂಕುಳಿಂದ ಫೈಲು ಜಾರಿ ಕೆಸರಿಗೆ ಬಿತ್ತು. ಎತ್ತಿಕೊಳ್ಳಲು ಇಬ್ಬರೂ ಬಗ್ಗಲಿಲ್ಲ.

"ಅವತ್ತು ಮೆಟ್ಟಿಲ ಮ್ಯಾಲೆ ಹೇಳಬೇಕಂತ ಮಾಡಿದ್ದೆ," ಎಂದ.

"ಈಗ ಹೇಳಿ."

"ನನ್ನ ಹತ್ರ ಮನಿ ಇಲ್ಲ. ಬಾಡಿಗಿ ಕೋಣಿ ಐತಿ, ಮಾಳಗಿ ಸೋರತೈತಿ. ನನ್ನ ಲಗ್ನ ಆಗ್ತೀಯೇನು?"

ಅವಳು ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು. ಗಟ್ಟಿಯಾಗಿ. ಹಿಡಿದುಕೊಳ್ಳಲು ಅಷ್ಟೇ ಉಳಿದಿತ್ತು.

"ನಿಮ್ಮಮ್ಮ ಒಪ್ತಾರಾ?"

"ಅವ್ವಗ ಹೋದ ವರ್ಷನ ಬರದೀನಿ. ನಾಕು ಹಾಳಿ ತುಂಬ ಬೈದು ಕಳಿಸ್ಯಾಳ. ಕಡೀಗೆ, ಆ ಹುಡುಗಿ ಏನು ಉಣತದ ಅಂತ ಕೇಳ್ಯಾಳ."

"ಹೋದ ವರ್ಷ? ನನ್ನ ಕೇಳ್ದೇನೇ?"

"ಹೂಂ."

ಅಳುತ್ತಲೇ ಅವಳಿಗೆ ನಗು ಬಂತು. "ಮುದ್ದೆ ಅಂತ ಬರೀರಿ. ರೊಟ್ಟಿ ತಟ್ಟೋದು ಕಲೀತಾಳೆ, ಸ್ವಲ್ಪ ಟೈಮ್ ಬೇಕಂತೆ ಅಂತಾನೂ ಬರೀರಿ."

"ಬರೀತೀನಿ."

ಆ ಎರಡು ವರ್ಷದಲ್ಲಿ ಹೋದದ್ದು ಏಳು ಮನೆ, ಒಂದು ಕಣ, ಎರಡು ಹಸು, ಹನ್ನೊಂದು ಹುಣಸೆ ಮರ, ಒಬ್ಬ ಮುದುಕ.