ಯಾರ ಬಲಗಡೆ?

ಬೆಳಿಗ್ಗೆ ಮಂಟಪದ ಗೋಡೆಯ ಕಲ್ಲಿಗೆ ಸುತ್ತಿದ್ದ ಗೋಣಿ ಬಿಚ್ಚಿದಾಗ, ಏಳುನೂರು ವರ್ಷದ ಶಾಸನ ಕಾಣಬೇಕಾದ ಜಾಗದಲ್ಲಿ ಬೋಳು ಕಲ್ಲೊಂದು ಕಂಡಿತು. ಮೆಟ್ಟಿಲು ಹತ್ತಿ ಬಂದ ಏದುಸಿರು ಇನ್ನೂ ಇಳಿಯದ ಗೈಡ್ ಕಲ್ಲನ್ನು ಈ ತುದಿಯಿಂದ ಆ ತುದಿಗೆ ತಡವಿ ನೋಡಿದ. ದಿನಕ್ಕೆ ಮೂರು ಸಲ ಆ ಶಾಸನವನ್ನು ಪ್ರವಾಸಿಗರಿಗೆ ಓದಿ ಹೇಳುವುದೇ ಅವನ ಕಸುಬು.

ಗುಡಿಯ ಮುಂದಿನ ಆ ಮಂಟಪ ವಾಲಿತ್ತೆಂದು ಬಿಚ್ಚಿ, ಕಲ್ಲುಗಳಿಗೆ ಗುರುತು ಬರೆದು ಶೆಡ್ಡಿನಲ್ಲಿಟ್ಟು, ಮತ್ತೆ ಕಟ್ಟುತ್ತಿದ್ದರು. ಇಕ್ಕೆಲದಲ್ಲೂ ಗೋಡೆ, ಒಂದರ ಹೊರಮೈ ಅಂಗಳದ ಕಡೆಗೆ, ಇನ್ನೊಂದರದು ಬೆಟ್ಟದ ಬಂಡೆಯ ಕಡೆಗೆ. ಬಂಡೆಗೂ ಗೋಡೆಗೂ ನಡುವೆ ನಾಲ್ಕು ಬೆರಳಿನಷ್ಟೇ ಸಂದು. ಪ್ರತಿ ಸಾಲಿಗೆ ಅತ್ತ ಒಂದು, ಇತ್ತ ಒಂದು ಉದ್ದ ಕಲ್ಲು. ನಾಲ್ಕನೇ ಸಾಲಿನವೆರಡನ್ನೂ ಪೆಟ್ಟಾಗದಿರಲೆಂದು ಗೋಣಿ ಸುತ್ತಿಯೇ ಹಿಂದಿನ ದಿನ ಏರಿಸಿದ್ದರು.

"ಶೆಡ್ಡಿನ ಬೀಗದ ಕೈ ಶಿಲ್ಪಿ ಹತ್ರಾನೇ ಇರುತ್ತೆ," ಎಂದು ಹೊಸ ಎಂಜಿನಿಯರ್ ಗುಡುಗಿದ. "ನಿನ್ನೆ ಇಡೀ ದಿನ ಇವರು ಬೆಟ್ಟದ ಮೇಲೆ ಇರಲೇ ಇಲ್ಲ. ಹೊಸ ಕಲ್ಲು ಕಡೆದಿಟ್ಟು ಹಳೇದನ್ನ ಸಾಗಿಸಿದಾರೆ! ಮಧ್ಯಾಹ್ನ ಗುಡಿ ಸಮಿತಿಯವರು ಬರ್ತಾರೆ. ಅಷ್ಟರಲ್ಲಿ ಸಿಗದಿದ್ರೆ ಪೊಲೀಸರನ್ನ ಕರೀತೀನಿ."

"ಕನ್ನಡಕ ತರೋಕೆ ಇಳಿದಿದ್ದೆ ಕಣಪ್ಪ," ಎಂದ ಮುದುಕ ಶಿಲ್ಪಿ. ನಲವತ್ತು ವರ್ಷ ಆ ಬೆಟ್ಟದ ಕಲ್ಲುಗಳನ್ನು ಮಕ್ಕಳಂತೆ ನೋಡಿಕೊಂಡವನು ಅವನು. ಗೈಡ್‌ಗೆ ಅದನ್ನು ನೋಡುತ್ತಾ ನಿಲ್ಲಲಾಗಲಿಲ್ಲ. ಅವನು ಮ್ಯೂಸಿಯಂ ಅಕ್ಕನ ಕಡೆಗೆ ಓಡಿದ.

ಗುಡಿಯ ಪುಟ್ಟ ಮ್ಯೂಸಿಯಂ ನೋಡಿಕೊಂಡು ಅದರ ಹಿಂದಿನ ಕೋಣೆಯಲ್ಲೇ ವಾಸವಾಗಿದ್ದ ಅಕ್ಕ, ಕಳೆದುಹೋದ ಚಪ್ಪಲಿಯಿಂದ ಹಿಡಿದು ತಲೆತಪ್ಪಿಸಿಕೊಂಡ ಗಂಡಂದಿರವರೆಗೆ ಎಲ್ಲವನ್ನೂ ಪತ್ತೆಹಚ್ಚಿ ಕೊಟ್ಟವಳು. ಬಂದವಳೇ ಬೋಳು ಕಲ್ಲಿನ ಅಂಚು ಸವರಿದಳು.

"ಉಳಿ ಗುರುತೆಲ್ಲಾ ಸವೆದಿದೆ. ಇದು ಹೊಸದಲ್ಲ ತಮ್ಮಾ."

"ಹಾಗಾದ್ರೆ ಎಲ್ಲಿಂದ ಬಂತಕ್ಕಾ?"

ಅಕ್ಕ ಬಂಡೆಯ ಕಡೆಗೆ ನಡೆದಳು. ಒಂದು ಗುಬ್ಬಚ್ಚಿ ಬಂಡೆಯ ಸಂದಿನಿಂದ ನಾರು ಕಚ್ಚಿಕೊಂಡು ಹಾರುವುದನ್ನೇ ನೋಡುತ್ತಾ ನಿಂತಳು. ಅಷ್ಟರಲ್ಲಿ ಪ್ರವಾಸಿಗರ ಗುಂಪು ಬಂತು. ಗೈಡ್ ವಿಧಿಯಿಲ್ಲದೆ ಅವರತ್ತ ಮುಖ ಮಾಡಿ, ಎಂದಿನಂತೆ ಹಿಂದಕ್ಕೆ ಹೆಜ್ಜೆಯಿಡುತ್ತಾ, "ಈಗ ಬಲಗಡೆ ನೋಡಿ!" ಎಂದು ತನ್ನ ಬಲಗೈ ಎತ್ತಿದ. ಇಪ್ಪತ್ತು ತಲೆಗಳು ಎದುರು ದಿಕ್ಕಿಗೆ ತಿರುಗಿದವು.

"ತಮ್ಮಾ, ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು!" ಎಂದು ಅಕ್ಕ ಚಪ್ಪಾಳೆ ತಟ್ಟಿದಳು. "ಒಂದು ಕನ್ನಡಿ, ಟಾರ್ಚು, ಉದ್ದ ಕೊಕ್ಕೆ ತಗೊಂಡು ಬಾ."

ಮಧ್ಯಾಹ್ನ ಸಮಿತಿಯ ಅಧ್ಯಕ್ಷೆ ಬಂದಾಗ ಎಲ್ಲರೂ ಮಂಟಪದ ಮುಂದೆ ಸೇರಿದರು.

"ಕಳ್ಳತನವೇ ಆಗಿಲ್ಲ," ಎಂದು ಅಕ್ಕ ಶುರುಮಾಡಿದಳು. "ಶೆಡ್ಡಿನಿಂದ ಬಂದಿದ್ದು ಎರಡು ಕಲ್ಲು, ಗೋಡೆ ಸೇರಿದ್ದೂ ಎರಡು. ಇಲ್ಲಿರೋ ಬೋಳು ಕಲ್ಲು ಹಳೇದೇ. ಅಂದ್ರೆ ಇದು ಆ ಕಡೆ ಗೋಡೇದು. ಹಾಗಾದ್ರೆ ಆ ಕಡೆ ಕೂತಿರೋದು ಯಾವುದು? ಎಂಜಿನಿಯರ್ ಸಾರ್, ಬಂಡೆ ಕಡೆ ಇಡಿಸಿದ ಕಲ್ಲಿನ ಮೇಲೆ ಏನು ಗುರುತಿತ್ತು?"

"ಗೋಣಿ ಮೇಲೆ 'ಬ ನಾಲ್ಕು' ಅಂತ ಬರೆದಿತ್ತು. ಬಲಗಡೆ, ನಾಲ್ಕನೇ ಸಾಲು. ನಾನೇ ನಿಂತು ಬಲಗಡೆಗೆ ಇಡಿಸಿದೆ."

"ಯಾರ ಬಲಗಡೆ?"

ಎಂಜಿನಿಯರ್ ಕಕ್ಕಾಬಿಕ್ಕಿಯಾದ. "ಯಾರದು ಅಂದ್ರೆ? ಒಳಗೆ ಹೋಗೋವಾಗ ನನ್ನ ಬಲಗಡೆ!"

"ಅಯ್ಯೋ ಮಾರಾಯ," ಎಂದು ಶಿಲ್ಪಿ ಹಣೆ ಚಚ್ಚಿಕೊಂಡ. "ಗುಡಿ ಕಟ್ಟೋರು ಬಲ ಅಂದ್ರೆ ದೇವರ ಬಲ ಕಣಪ್ಪ! ಒಳಗೆ ನಿಂತು ಹೊರಗೆ ನೋಡ್ತಿರೋದು ಅವನು ತಾನೇ?"

"ಉಳಿದ ಸಾಲುಗಳಿಗೆಲ್ಲ ಇವರೇ ಪಕ್ಕದಲ್ಲಿದ್ರು," ಎಂದಳು ಅಕ್ಕ. "ನಿನ್ನೆ ಒಂದು ದಿನ ಇರಲಿಲ್ಲ. ಅಂಗಳದ ಕಡೆ ಗೋಣಿ ಬಿಚ್ಚಿದ್ರಿ. ಬಂಡೆ ಕಡೆ ಕೈ ತೂರಲಿಲ್ಲ, ಹಾಗೇ ಬಿಟ್ರಿ. ಗುಬ್ಬಚ್ಚಿ ಆ ಗೋಣಿ ನಾರಲ್ಲೇ ಗೂಡು ಕಟ್ತಾ ಇದೆ."

ಗೈಡ್ ಕೊಕ್ಕೆಯಿಂದ ಗೋಣಿಯನ್ನು ಎಳೆದು, ಕೋಲಿಗೆ ಕಟ್ಟಿದ ಕನ್ನಡಿಯನ್ನು ಸಂದಿನೊಳಗೆ ಇಳಿಸಿದ. ಟಾರ್ಚಿನ ಬೆಳಕಿನಲ್ಲಿ ಅಕ್ಷರಗಳು ತಿರುಗುಮುರುಗಾಗಿ ಮೂಡಿದವು. ಕಂಠಪಾಠವಿದ್ದ ಅವನಿಗೆ ಅದೇನು ಕಷ್ಟ? ಕೊನೆಯ ಸಾಲನ್ನು ಬೆಟ್ಟಕ್ಕೆಲ್ಲ ಕೇಳುವಂತೆ ಓದಿದ: "ಇದನ್ನು ಕಡೆದ ಕೈ ತಪ್ಪಿದ್ದರೆ ನೋಡುವ ಕಣ್ಣು ಮನ್ನಿಸಲಿ!"

ಶಿಲ್ಪಿ ಹೊಸ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಎಂಜಿನಿಯರ್ ಪೆಚ್ಚುಮೋರೆ ಹಾಕಿಕೊಂಡು ಅವನ ಮುಂದೆ ಬಂದ.

"ಬಾಯಿಗೆ ಬಂದಂಗೆ ಮಾತಾಡಿಬಿಟ್ಟೆ. ತಪ್ಪಾಯ್ತು ಅಜ್ಜ."

"ನಾಳೆ ಎರಡನ್ನೂ ಇಳಿಸಿ ಸರಿಯಾಗಿ ಇಡೋಣ. ಇನ್ಮೇಲೆ ನಾನು ಕನ್ನಡಕಕ್ಕೆ ಹೋದ್ರೆ ನೀನೂ ಜೊತೆಗೆ ಬಾ, ಆಯ್ತಾ?"

ಅಧ್ಯಕ್ಷೆ ನಗುತ್ತಾ ಎಲ್ಲರದೂ ಒಂದು ಫೋಟೊ ಆಗಲಿ ಎಂದರು. ಗೈಡ್ ಕ್ಯಾಮೆರಾ ಹಿಡಿದು ಕೂಗಿದ: "ಎಲ್ಲಾರೂ ಒಂಚೂರು ಬಲಕ್ಕೆ!"

ಅರ್ಧ ಜನ ಅತ್ತ ಸರಿದರು, ಅರ್ಧ ಜನ ಇತ್ತ. ನಡುವೆ ಶಿಲ್ಪಿಯೂ ಎಂಜಿನಿಯರೂ ಡಿಕ್ಕಿ ಹೊಡೆದು, ಬೀಳದಂತೆ ಒಬ್ಬರನ್ನೊಬ್ಬರು ತಬ್ಬಿ ಹಿಡಿದರು. ಗೈಡ್ ಆಗಲೇ ಗುಂಡಿ ಒತ್ತಿಬಿಟ್ಟ. ಆ ಫೋಟೊ ಇವತ್ತಿಗೂ ಮ್ಯೂಸಿಯಂ ಗೋಡೆಯಲ್ಲಿದೆ, ಬಾಗಿಲಿನ ಬಲಗಡೆ. ಯಾರ ಬಲ ಎಂದು ಅಕ್ಕನನ್ನೇ ಕೇಳಬೇಕು.